ಹದಿನೆಂಟು ತುಂಬಿದ ಮೇಲೆ ಕೆಂಪು

"ಯಾವ ಸರ್ಟಿಫಿಕೇಟಿನ ಗಾಯ ಸಾರ್?"

ಖಳನ ಕೆನ್ನೆ ಮೇಲೆ ಒಂದು ಮಚ್ಚಿನೇಟು ಬೇಕು ಅಂತ ನಿರ್ದೇಶಕರು ಹೇಳಿದಾಗ ಬುದ್ಧಿವಂತ ಮೇಕಪ್‌ಮ್ಯಾನ್ ಕೇಳಬೇಕಾದ ಮೊದಲ ಪ್ರಶ್ನೆ ಇದು. ಗಾಯ ಎಷ್ಟುದ್ದ, ಎಷ್ಟು ಆಳ, ಹಸಿಯೋ ಹೆಪ್ಪುಗಟ್ಟಿದ್ದೋ ಅನ್ನುವುದೆಲ್ಲ ಆಮೇಲಿನ ಮಾತು. ‘ಯು’ ಅಂದರೆ ಪೆಟ್ಟಿಗೆಯನ್ನು ಪೂರ್ತಿ ತೆರೆಯುವ ಕಷ್ಟವೇ ಇಲ್ಲ. ಹುಬ್ಬಿನ ಮೇಲೆ ಒಂದು ಪ್ಲಾಸ್ಟರು, ತುಟಿಯಂಚಿಗೆ ಒಂದು ಕೆಂಪು ಗೆರೆ. ನಾಯಕ ಅದನ್ನು ಹೆಬ್ಬೆರಳಿನಿಂದ ಒರೆಸಿಕೊಂಡು, ಬೆರಳು ನೋಡಿ, ಕತ್ತು ಲಟಕ್ಕನೆ ತಿರುಗಿಸಿ, ಹದಿನೈದು ಜನರನ್ನು ಗಾಳಿಗೆ ತೂರುವುದಕ್ಕೆ ಅಷ್ಟು ಸಾಕು. ‘ಯುಎ 7+’ ಆದರೆ ಗೆರೆ ಎರಡಾಗಬಹುದು, ಅಂಗಿಯ ತೋಳಿಗೆ ಸ್ವಲ್ಪ ಮಣ್ಣು. ‘13+’ಗೆ ರಕ್ತ ಇರಲಿ, ಆದರೆ ರಕ್ತದ ಥರ ಕಾಣಕೂಡದು, ಡಿಕಾಕ್ಷನ್ ಬಣ್ಣಕ್ಕೆ ತಂದುಬಿಡಿ. ‘16+’ಗೆ ರಕ್ತದ ಥರವೇ ಕಂಡರೂ ಅಡ್ಡಿಯಿಲ್ಲ, ಹರಿಯಕೂಡದು. ‘ಎ’ ಅಂದಾಗ ಮಾತ್ರ ಮೇಕಪ್ ವ್ಯಾನಿನಲ್ಲಿ ಹಬ್ಬ. ಸಿಲಿಕೋನು, ಲೇಟೆಕ್ಸು, ಜಿಲೆಟಿನ್ನು, ಗುರುಗಳು ಕಿವಿಯಲ್ಲಿ ಹೇಳಿಕೊಟ್ಟ ವಿದ್ಯೆಯೆಲ್ಲ ಹೊರಗೆ ಬರುತ್ತದೆ. ಆ ಹಬ್ಬವೂ ನಿರ್ಮಾಪಕರು ಸೆಟ್ಟಿಗೆ ಬರುವ ತನಕ.

ಈ ದರಪಟ್ಟಿ ಯಾವ ಗೆಜೆಟ್ಟಿನಲ್ಲೂ ಅಚ್ಚಾಗಿಲ್ಲ, ನಾನೇ ಕಟ್ಟಿದ್ದು. ಹಾಗಂತ ಪೂರ್ತಿ ಸುಳ್ಳೆಂದು ತಿಳಿಯಬೇಡಿ. ಟೈಟಲ್ ಕಾರ್ಡಿನಲ್ಲಿ ‘ಪ್ರಸಾಧನ’ ಅಂತ ಯಾರ ಹೆಸರೇ ಬರಲಿ, ಪಾತ್ರದ ಮುಖಕ್ಕೆ ಕೊನೆಯ ಟಚಪ್ ಕೊಡುವುದು ಚಿತ್ರ ಶುರುವಾಗುವ ಮೊದಲು ತೆರೆ ಮೇಲೆ ಬರುವ ಆ ಒಂದು ಹಾಳೆ.

1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಕಾಲಕ್ಕೆ ಲೆಕ್ಕ ಸುಲಭವಿತ್ತು. ‘ಯು’ ಮತ್ತು ‘ಎ’. ಭಾರತೀಯನಿಗೆ ಎರಡೇ ವಯಸ್ಸು: ಎಲ್ಲ ನೋಡಬಾರದ ವಯಸ್ಸು, ಎಲ್ಲ ನೋಡಿ ಮುಗಿದ ವಯಸ್ಸು. 1983ರಲ್ಲಿ ನಡುವೆ ‘ಯುಎ’ ಬಂತು. ಹನ್ನೆರಡರೊಳಗಿನ ಮಗು ಅಪ್ಪ ಅಮ್ಮನ ಮಾರ್ಗದರ್ಶನದಲ್ಲಿ ಹೊಡೆದಾಟ ನೋಡತಕ್ಕದ್ದು. ಅದರ ಜೊತೆಗೇ ‘ಎಸ್’ ಅಂತ ಇನ್ನೊಂದು ಬಂತು, ವೈದ್ಯರಂಥ ವಿಶೇಷ ವರ್ಗದವರಿಗೆ ಮಾತ್ರ. ನಿಜವಾದ ಗಾಯಕ್ಕೂ ಸುಳ್ಳು ಗಾಯಕ್ಕೂ ವ್ಯತ್ಯಾಸ ಹೇಳಬಲ್ಲ ಏಕೈಕ ಪ್ರೇಕ್ಷಕ ವರ್ಗವನ್ನು ಹೀಗೆ ಪ್ರತ್ಯೇಕವಾಗಿ ಕೂರಿಸಲಾಯಿತು. 2023ರ ತಿದ್ದುಪಡಿಯಲ್ಲಿ ‘ಯುಎ’ ಮತ್ತೆ ಮೂರು ಹೋಳಾಯಿತು: 7, 13, 16. ಮಗು ಹದಿಮೂರನೇ ಹುಟ್ಟುಹಬ್ಬದ ಕೇಕು ಕತ್ತರಿಸಿ ಚಾಕು ಕೆಳಗಿಡುವಷ್ಟರಲ್ಲಿ ಮುಂದಿನ ದರ್ಜೆಯ ಚಾಕು ನೋಡಲು ಅರ್ಹ. ಇಷ್ಟಾಗಿಯೂ ಈ ಮೂರು ಅಂಕಿ ಗೇಟಿನಲ್ಲಿ ನಿಂತವನಿಗೆ ಸಂಬಂಧಪಟ್ಟದ್ದಲ್ಲ, ಹೆತ್ತವರ ತಿಳಿವಳಿಕೆಗೆ ಮಾತ್ರ. ಹೆತ್ತವರು ಆ ಹೊತ್ತಿಗೆ ಪಾಪ್‌ಕಾರ್ನ್ ಕ್ಯೂನಲ್ಲಿರುತ್ತಾರೆ.

ನಿರ್ಮಾಪಕರನ್ನು ಬೈದು ಪ್ರಯೋಜನವಿಲ್ಲ. ‘ಎ’ ಬಿತ್ತು ಅಂದರೆ ಫ್ಯಾಮಿಲಿ ಆಡಿಯನ್ಸು ಹೋಯಿತು, ಟೀವಿ ಹಕ್ಕು ನೇತಾಡಿತು. ಟೀವಿಗೆ ಬೇರೆ ಸರ್ಟಿಫಿಕೇಟೇ ಬೇಕು. 2024ರ ಮಲಯಾಳಂ ಚಿತ್ರ ‘ಮಾರ್ಕೊ’ಗೆ ಥಿಯೇಟರಿನಲ್ಲಿ ‘ಎ’ ಸಿಕ್ಕಿತು. ಟೀವಿಯ ಬಾಗಿಲು ಬಡಿದಾಗ ಸೆನ್ಸಾರ್ ಮಂಡಳಿ ತೆಗೆಯಲೇ ಇಲ್ಲ. ಹೀಗಿರುವಾಗ ಒಂದು ಚಮಚ ಕೆಂಪು ಬಣ್ಣದ ಬೆಲೆ ಎಷ್ಟು ಅಂತ ಪ್ರೊಡಕ್ಷನ್ ಮ್ಯಾನೇಜರನ್ನು ಕೇಳಿದರೆ ಆತ ಕೋಟಿಯಲ್ಲೇ ಹೇಳುತ್ತಾನೆ. ನಮ್ಮ ಪ್ರಶಾಂತ್ ನೀಲ್ ಅವರ ‘ಕೆಜಿಎಫ್’ನ ಎರಡೂ ಭಾಗ ‘ಯುಎ’ಯಲ್ಲಿ ಪಾಸಾದವು, ಅವರದೇ ‘ಸಲಾರ್’ (2023) ‘ಎ’ಯಲ್ಲಿ ನಿಂತಿತು. ಎರಡರಲ್ಲೂ ಸತ್ತವರ ತಲೆ ಎಣಿಸುವ ತಾಳ್ಮೆ ನನಗಿಲ್ಲ. ಆದರೆ ನನಗೊಂದು ಗುಮಾನಿ: ‘ಕೆಜಿಎಫ್’ನಲ್ಲಿ ನಾಯಕನಿಂದ ಹಿಡಿದು ಗಣಿಯ ಕೊನೆಯ ಕೂಲಿಯವರೆಗೆ ಎಲ್ಲರ ಮೈಗೂ ಧೂಳು ಮಸಿ ಮೆತ್ತಿತ್ತು. ಆ ಮಸಿಯ ಮೇಲೆ ಚಿಮ್ಮಿದ್ದು ರಕ್ತವೋ ಬೆವರೋ ಎಣ್ಣೆಯೋ, ಯಾವ ಮಂಡಳಿ ತಾನೇ ಪ್ರಮಾಣ ಮಾಡಿ ಹೇಳೀತು? ಮಸಿ ಬಳಿದರೆ ಮರ್ಯಾದೆ ಹೋಗುತ್ತದೆ ಅನ್ನುವುದು ಹಳೆಯ ಮಾತು. ಸಿನಿಮಾದಲ್ಲಿ ಉಳಿಯುತ್ತದೆ.

ಇದು ಇಲ್ಲಿಯ ಕಾಯಿಲೆ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದ ಮಕ್ಕಳಿಗೆ ಹದಿಮೂರರ ಗೆರೆ ಎಳೆಸಿದ್ದರಲ್ಲಿ ನಮ್ಮ ಅಮರೀಶ್ ಪುರಿಯವರ ಕೈಯಿದೆ, ಅಕ್ಷರಶಃ. ಕಾರ್ನಾಡರ ‘ಕಾಡು’ ಚಿತ್ರದ ಅದೇ ಅಮರೀಶ್ ಪುರಿ, 1984ರಲ್ಲಿ ಸ್ಪಿಲ್‌ಬರ್ಗರ ‘ಇಂಡಿಯಾನಾ ಜೋನ್ಸ್ ಅಂಡ್ ದ ಟೆಂಪಲ್ ಆಫ್ ಡೂಮ್’ಗಾಗಿ ತಲೆ ಬೋಳಿಸಿಕೊಂಡರು. ಅದರ ಮೇಲೆ ಕೊಂಬು ಬುರುಡೆಗಳ ಕಿರೀಟ, ಮೈಗೆ ಬಣ್ಣ. ಆ ವೇಷದಲ್ಲಿ ಎದುರಿಗಿದ್ದವನ ಎದೆಗೆ ಬರಿಗೈ ಹಾಕಿ, ಬಡಿಯುತ್ತಿರುವ ಹೃದಯವನ್ನು ಕಿತ್ತು ತೆಗೆದರು. ಚಿತ್ರಕ್ಕಿದ್ದದ್ದು ಮಕ್ಕಳೂ ಹೋಗಬಹುದಾದ ‘ಪಿಜಿ’. ಅಮ್ಮಂದಿರು ಕೂಗೆಬ್ಬಿಸಿದರು. ಅದೇ ಬೇಸಿಗೆಯ ‘ಗ್ರೆಮ್ಲಿನ್ಸ್’ನಲ್ಲಿ ಪುಟ್ಟ ಪ್ರಾಣಿಯೊಂದು ಮಿಕ್ಸಿಯಲ್ಲಿ ಹಸಿರು ಚಟ್ನಿಯಾಯಿತು. ಸ್ಪಿಲ್‌ಬರ್ಗರೇ ನಡುವೆ ಇನ್ನೊಂದು ದರ್ಜೆ ಮಾಡಿ ಅಂತ ಸೂಚಿಸಿದರು. ಜುಲೈ ತಿಂಗಳಲ್ಲಿ ‘ಪಿಜಿ-13’ ಜಾರಿಗೆ ಬಂತು. ಮನೆಗೆ ಕನ್ನ ಹಾಕಿದವನೇ ಬೀಗದ ನಮೂನೆ ಸೂಚಿಸಿದ್ದು ಚರಿತ್ರೆಯಲ್ಲಿ ಅಪರೂಪ. ಅಮರೀಶ್ ಪುರಿಯವರಿಗೆ ಮಾತ್ರ ಲಾಭವೇ ಆಯಿತು. ಬೋಳುತಲೆ ಆಮೇಲೆ ಬಾಲಿವುಡ್ ಖಳನ ಕಾಯಂ ಮೇಕಪ್ಪಾಯಿತು, ಖರ್ಚಿಲ್ಲದೆ.

ಹದಿಮೂರರ ಗೆರೆ ಬಿದ್ದದ್ದೇ ತಡ, ಹಾಲಿವುಡ್ಡಿನ ರಕ್ತಕ್ಕೆ ಕಾಮನಬಿಲ್ಲಿನ ಬಣ್ಣಗಳು ಬಂದವು. 1987ರ ‘ಈವಿಲ್ ಡೆಡ್ 2’ರಲ್ಲಿ ಸ್ಯಾಮ್ ರೈಮಿ ಹಸಿರು, ಕಪ್ಪು ಅಂತ ಬಗೆಬಗೆಯ ರಕ್ತವನ್ನು ಬಕೆಟ್ ಬಕೆಟ್ ಸುರಿದರು. ವಯಸ್ಕರಿಗೆ ಮಾತ್ರ ಅನ್ನುವ ‘ಎಕ್ಸ್’ ಬೀಳಬಾರದೆಂಬ ಉಪಾಯ. ಫಲಿಸದೆ ಕೊನೆಗೆ ಸರ್ಟಿಫಿಕೇಟೇ ಇಲ್ಲದೆ ಚಿತ್ರ ಹೊರಬಂತು. 1991ರ ‘ಸ್ಟಾರ್ ಟ್ರೆಕ್’ ಆರನೇ ಚಿತ್ರದಲ್ಲಿ ಕ್ಲಿಂಗನ್ ಜನಾಂಗದ ರಕ್ತ ನೇರಳೆ ಮಿಶ್ರಿತ ಗುಲಾಬಿ, ‘ಪಿಜಿ’ ದಕ್ಕಬೇಕಲ್ಲ. ಟೀವಿ ಸರಣಿಗಳಲ್ಲಿ ಅದೇ ಕ್ಲಿಂಗನ್ನರ ರಕ್ತ ಕೆಂಪು. ಒಂದು ಇಡೀ ಗ್ರಹದ ಜೀವವಿಜ್ಞಾನ ಒಂದು ಸರ್ಟಿಫಿಕೇಟಿಗಾಗಿ ಬದಲಾಗಿ, ಕೆಲಸ ಮುಗಿದ ಮೇಲೆ ವಾಪಸು ಬಂತು. ‘ಲಾರ್ಡ್ ಆಫ್ ದ ರಿಂಗ್ಸ್’ನ ಓರ್ಕ್‌ಗಳ ಪುಣ್ಯ ದೊಡ್ಡದು. ಟೋಲ್ಕಿನ್ ಪುಸ್ತಕದಲ್ಲೇ ಅವುಗಳ ರಕ್ತ ಕಪ್ಪು. ಪುಸ್ತಕ ಬರೆಯುವಾಗ ಮುಂದೊಂದು ದಿನ ‘ಪಿಜಿ-13’ ಬರುತ್ತದೆಂದು ಮುದುಕನಿಗೆ ಹೇಗೆ ಗೊತ್ತಾಯಿತೋ! ಮೂರೂ ಚಿತ್ರಗಳಲ್ಲಿ ಸಾವಿರಾರು ಓರ್ಕ್‌ಗಳ ತಲೆ ತರಕಾರಿಯಾದವು, ಮಕ್ಕಳು ನೆಮ್ಮದಿಯಾಗಿ ಚಪ್ಪಾಳೆ ತಟ್ಟಿದರು. ಕಪ್ಪು ರಕ್ತದವರು ಸತ್ತರೆ ಸಾವಲ್ಲ ಅನ್ನುವ ಪಾಠವನ್ನು ಹದಿಮೂರರ ಹುಡುಗನಿಗೆ ಕಲಿಸುವುದಕ್ಕೆ ಯಾವ ಮಾರ್ಗದರ್ಶನವೂ ಬೇಕಾಗಲಿಲ್ಲ.

ಈ ಬಣ್ಣದ ಗೊಡವೆ ಹದಿಮೂರರ ಗೆರೆಗಿಂತ ಹಳೆಯದು. 1976ರ ‘ಟ್ಯಾಕ್ಸಿ ಡ್ರೈವರ್’ ನೆನೆಸಿಕೊಳ್ಳಿ. ಕೊನೆಯ ಗುಂಡಿನ ಕಾಳಗಕ್ಕೆ ಗಾಯಗಳನ್ನು ಮಾಡಿಕೊಟ್ಟವರು ಡಿಕ್ ಸ್ಮಿತ್, ಆ ಕಾಲದ ಮೇಕಪ್ ಲೋಕದ ಭೀಷ್ಮ. ಕಾರ್ನ್ ಸಿರಪ್ಪಿಗೆ ಬಣ್ಣ ಬೆರೆಸಿ ನಿಜವಾದ ರಕ್ತ ನಾಚುವಂಥ ರಕ್ತ ಮಾಡುತ್ತಿದ್ದ ಮನುಷ್ಯ. ಅಷ್ಟೂ ಕೆಂಪು ತೆರೆ ಮೇಲೆ ಬಂದರೆ ‘ಎಕ್ಸ್’ ಅನ್ನುವ ಸೂಚನೆ ಬಂತು. ಸ್ಕಾರ್ಸೆಸಿ ಒಂದು ಗಾಯವನ್ನೂ ತೆಗೆಯಲಿಲ್ಲ. ಲ್ಯಾಬಿನಲ್ಲಿ ಆ ದೃಶ್ಯದ ಬಣ್ಣವನ್ನೇ ಇಳಿಸಿದರು. ಕೆಂಪು ಹೋಗಿ ಕಂದು ಬಂತು, ‘ಆರ್’ ಸಿಕ್ಕಿತು. ಈಗ ನೋಡಿ ಆ ದೃಶ್ಯವನ್ನು. ಮೆಟ್ಟಿಲು, ಗೋಡೆ, ಮುಖ, ಬೆರಳು, ಎಲ್ಲದಕ್ಕೂ ಹಳೆಯ ಪೇಪರಿನ ಅಪರಾಧ ಪುಟದ ಬಣ್ಣ. ಬಣ್ಣವಿದ್ದಾಗ ಸಿನಿಮಾ ಅನ್ನಿಸಬಹುದಾಗಿದ್ದದ್ದು ಬಣ್ಣ ಹೋದ ಮೇಲೆ ನಿಜವೇ ಆಗಿಬಿಟ್ಟಿದೆ. ಸ್ಕಾರ್ಸೆಸಿಗೂ ಈ ಬದಲಾವಣೆ ಇಷ್ಟವಾಯಿತಂತೆ. ಮಂಡಳಿಗೂ ಇಷ್ಟವಾಗಿತ್ತು. ಇಬ್ಬರಿಗೂ ಇಷ್ಟವಾದ ಕಾರಣ ಮಾತ್ರ ಒಂದೇ ಅಲ್ಲ.

ಡಿಕ್ ಸ್ಮಿತ್‌ರದೇ ಇನ್ನೊಂದು ಕೆಲಸ ‘ದಿ ಎಕ್ಸಾರ್ಸಿಸ್ಟ್’ (1973). ದೆವ್ವ ಹಿಡಿದ ಹುಡುಗಿಯ ಮುಖದ ಮೇಲೆ ಸೀಳು, ಕೀವು, ಹಸಿರು ವಾಂತಿ. ಅದಕ್ಕೂ ‘ಆರ್’. ಅಂದರೆ ಹದಿನೇಳರೊಳಗಿನವರು ಹಿರಿಯರ ಜೊತೆಗೇ ಹೋಗಬೇಕು. ಆ ಮುಖ ಹೊತ್ತು ತಿಂಗಳುಗಟ್ಟಲೆ ಕುರ್ಚಿಯಲ್ಲಿ ಕುಳಿತ ಲಿಂಡಾ ಬ್ಲೇರ್‌ಗೆ ಚಿತ್ರ ಬಿಡುಗಡೆಯಾದಾಗ ಹದಿನಾಲ್ಕು. ಆ ಗಾಯಗಳನ್ನು ಧರಿಸಲು ವಯಸ್ಸು ಸಾಕಿತ್ತು. ಟಿಕೆಟ್ ಕೊಂಡು ನೋಡುವುದಾದರೆ ಅಮ್ಮ ಜೊತೆಗಿರಬೇಕಿತ್ತು.

ಬ್ರಿಟನ್ನಿನವರದು ಇನ್ನೂ ಒಂದು ಕೈ ಮೇಲು. ಹ್ಯಾಮರ್ ಕಂಪನಿಯ 1958ರ ‘ಡ್ರಾಕುಲಾ’. ಕ್ರಿಸ್ಟೋಫರ್ ಲೀ ಮೇಲೆ ಬೆಳಗಿನ ಬಿಸಿಲು ಬೀಳುತ್ತದೆ. ಆತ ಬೆರಳುಗಳಿಂದ ತನ್ನ ಮುಖವನ್ನೇ ಪರಚಿಕೊಳ್ಳುತ್ತಾನೆ, ಚರ್ಮ ಸುಲಿದು ಬರುತ್ತದೆ. ಫಿಲ್ ಲೀಕಿ ಅನ್ನುವ ಪ್ರಸಾಧನಕಾರನ ಕೈಚಳಕ. ಚಿತ್ರಕ್ಕೆ ಕೊಟ್ಟದ್ದು ‘ಎಕ್ಸ್’, ಆಗಿನ ಲೆಕ್ಕದಲ್ಲಿ ಹದಿನಾರು ತುಂಬಿದವರಿಗೆ ಮಾತ್ರ. ವಯಸ್ಕರಿಗೆ ಮಾತ್ರ ಅಂದ ಮೇಲೆ ವಯಸ್ಕರು ನೋಡಲಿ ಬಿಡಿ ಅನ್ನಬೇಕಲ್ಲವೇ? ಇಲ್ಲ, ವಯಸ್ಕರಿಗೂ ಬೇಡ ಅಂತ ಕತ್ತರಿ ಹಾಕಿದರು. ಸುಮಾರು ಅರ್ಧ ಶತಮಾನ ಆ ಸುಲಿದ ಮುಖ ಕೆಲವು ಫೋಟೊಗಳಲ್ಲಿ ಮತ್ತು ಅಭಿಮಾನಿಗಳ ಗೊಣಗಾಟದಲ್ಲಿ ಬದುಕಿತು. ಕೊನೆಗೆ ಸಿಕ್ಕಿದ್ದು ಟೋಕಿಯೋದ ಸರ್ಕಾರಿ ಚಿತ್ರಾಗಾರದಲ್ಲಿ, ಬೆಂಕಿಯಿಂದ ಉಳಿದ ಕೆಲವು ರೀಲುಗಳಲ್ಲಿ. ಜಪಾನಿನವರು ಕತ್ತರಿಸಿರಲಿಲ್ಲ. 2012ರಲ್ಲಿ ಆ ತುಣುಕುಗಳನ್ನು ಸೇರಿಸಿ ಚಿತ್ರವನ್ನು ಮತ್ತೆ ತೋರಿಸಿದರು. ಮೊದಲ ಬಿಡುಗಡೆಯ ದಿನ ಹದಿನಾರು ತುಂಬಿದ್ದ ಹುಡುಗ ಡ್ರಾಕುಲಾನ ಪೂರ್ತಿ ಸಾವು ನೋಡುವ ಹೊತ್ತಿಗೆ ಎಪ್ಪತ್ತಾಗಿತ್ತು. ಈಗಲಾದರೂ ವಯಸ್ಸು ಸಾಕೆಂದು ಅವರಿಗೆ ಅನ್ನಿಸಿತಲ್ಲ.

ಈಚಿನ ಜಾಣತನ ಬೇರೆ ಥರದ್ದು. ‘ದ ಡಾರ್ಕ್ ನೈಟ್’ (2008) ಚಿತ್ರದ ಟೂ-ಫೇಸ್‌ನ ಅರ್ಧ ಮುಖ ಸುಟ್ಟಿರಬೇಕು. ಬೆಂಕಿ ಅಪಘಾತದ ಮುಖ ಹೇಗಿರುತ್ತದೋ ಹಾಗೆಯೇ ಮೇಕಪ್ ಮಾಡಿದರೆ ಜನ ಕಣ್ಣು ಮುಚ್ಚಿಕೊಳ್ಳುತ್ತಾರೆ. ಅದಕ್ಕೆ ಕ್ರಿಸ್ಟೋಫರ್ ನೋಲನ್ ಕಂಡುಕೊಂಡ ದಾರಿ ಇನ್ನೂ ಹೆಚ್ಚು ಸುಡುವುದು. ಕೆನ್ನೆಯೇ ಇಲ್ಲ, ದವಡೆಯ ಸ್ನಾಯು ಕಾಣುತ್ತದೆ, ರೆಪ್ಪೆಯಿಲ್ಲದ ಕಣ್ಣುಗುಡ್ಡೆ ಬುರುಡೆಯಲ್ಲಿ ಕೂತಿದೆ, ಎಲ್ಲ ಕಂಪ್ಯೂಟರಿನಲ್ಲಿ. ಅತಿಯಾದ್ದರಿಂದ ಅದು ಗೊಂಬೆಯಂತಾಗಿ ಸಹ್ಯವಾಯಿತು, ‘ಪಿಜಿ-13’ರೊಳಗೆ ಹಿಡಿಸಿತು. ಅದೇ ಚಿತ್ರದಲ್ಲಿ ಜೋಕರ್ ಒಬ್ಬನ ತಲೆಯನ್ನು ಮೇಜಿಗೆ ಅಪ್ಪಳಿಸಿ ಪೆನ್ಸಿಲ್ ಮಾಯ ಮಾಡುತ್ತಾನೆ. ಒಂದು ತೊಟ್ಟು ರಕ್ತವಿಲ್ಲ, ಆದ್ದರಿಂದ ಅಪರಾಧವೂ ಇಲ್ಲ. ಬ್ರಿಟನ್ನಿನಲ್ಲಿ ‘12ಎ’ ಕೊಟ್ಟಿದ್ದಕ್ಕೆ ನೂರಾರು ದೂರು ಬಂದವು ನಿಜ. ಪೆನ್ಸಿಲನ್ನು ಮಾತ್ರ ಯಾವ ಪ್ರಸಾಧನಕಾರನೂ ಮುಟ್ಟಿರಲಿಲ್ಲ.

ಇಲ್ಲೇ ನನ್ನ ತಕರಾರಿರುವುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುತ್ತಿದ್ದಾರೆ. ಹೊಡೆತಕ್ಕೆ ವಯಸ್ಸಿನ ಮಿತಿಯಿಲ್ಲ, ಗಾಯಕ್ಕಿದೆ. ಕಬ್ಬಿಣದ ರಾಡಿನಿಂದ ಬುರುಡೆಗೆ ಬಾರಿಸಬಹುದು, ‘ಢಂ’ ಅಂತ ಸದ್ದು ಬರಬಹುದು, ಮನುಷ್ಯ ಲಾರಿಯ ಗಾಜು ಒಡೆದುಕೊಂಡು ಆಚೆ ಬೀಳಬಹುದು. ಎದ್ದಾಗ ಕ್ರಾಪು ಕೆದರಿರದಿದ್ದರೆ ಅದು ಮಕ್ಕಳಿಗೆ ಒಗ್ಗುವ ಮನರಂಜನೆ. ಆ ಏಟಿಗೆ ಮೂಗು ಮುರಿಯುತ್ತದೆ, ಕಣ್ಣು ಊದುತ್ತದೆ, ಹಲ್ಲು ಉದುರುತ್ತದೆ, ಮೂರು ತಿಂಗಳು ಗಂಜಿ ಕುಡಿಯಬೇಕಾಗುತ್ತದೆ ಅಂತ ಮೇಕಪ್‌ಮ್ಯಾನ್ ನಿಜ ಹೇಳಹೊರಟರೆ ಅದು ವಯಸ್ಕರಿಗೆ ಮಾತ್ರ. ಏಟು ಬಿದ್ದರೆ ನೋಯುತ್ತದೆ ಅನ್ನುವ ಸಂಗತಿಯನ್ನು ಹದಿನೆಂಟರವರೆಗೆ ಗುಟ್ಟಾಗಿಡಬೇಕಂತೆ. ಅಷ್ಟರಲ್ಲಿ ಹುಡುಗ ಹೊಡೆಯುವುದನ್ನು ಮಾತ್ರ ಚೆನ್ನಾಗಿ ಕಲಿತಿರುತ್ತಾನೆ.

ನಮ್ಮಲ್ಲಿ ಇದಕ್ಕೆ ಗಣಿತವೂ ಸೇರಿದೆ. ‘ಇಂಥ ದೃಶ್ಯವನ್ನು ಶೇಕಡ 50 ಕಡಿಮೆ ಮಾಡಿ’ ಅನ್ನುವುದು ಮಂಡಳಿಯ ಪ್ರಿಯವಾದ ವಾಕ್ಯ. 2015ರಲ್ಲಿ ಜೇಮ್ಸ್ ಬಾಂಡ್‌ನ ಮುತ್ತನ್ನೇ ಅರ್ಧಕ್ಕೆ ಇಳಿಸಿದ ಅನುಭವ ಬೆನ್ನಿಗಿದೆ. ಮುತ್ತನ್ನು ಹೇಗೋ ಸೆಕೆಂಡಿನಲ್ಲಿ ಅಳೆಯಬಹುದು. ಗಾಯವನ್ನು? ಕುತ್ತಿಗೆಯ ಎಡಭಾಗ ಇಟ್ಟುಕೊಳ್ಳಬೇಕೋ ಬಲಭಾಗವೋ? ಮೇಕಪ್‌ಮ್ಯಾನ್ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಐದು ತಾಸು ಕುಳಿತು ಅಂಟಿಸಿದ ಸೀಳಿನ ಮೇಲೆ ಕೊನೆಗೆ ಕಂಪ್ಯೂಟರಿನ ಹುಡುಗ ಒಂದು ಮಸುಕು ಒರೆಸಿ ಕೈತೊಳೆದುಕೊಳ್ಳುತ್ತಾನೆ. ಪ್ರೇಕ್ಷಕನಿಗೆ ಆ ಮಸುಕಿನ ಹಿಂದೆ ಏನಿರಬಹುದೆಂದು ಊಹಿಸುವ ಕೆಲಸ. ಊಹೆಗೆ ಯಾವ ಮಂಡಳಿಯೂ ಶೇಕಡ ಹಾಕಿಲ್ಲ.

ಅತ್ತ ಕರಾವಳಿಗೆ ಬನ್ನಿ. ಕಟೀಲು ಯಕ್ಷಗಾನ ಮೇಳದ ‘ಶ್ರೀದೇವಿ ಮಹಾತ್ಮೆ’ ಪ್ರಸಂಗ. ಚೌಕಿಯಲ್ಲಿ ಬಣ್ಣದ ವೇಷಧಾರಿ ಕನ್ನಡಿ ಹಿಡಿದು ಕೂತಿರುತ್ತಾನೆ. ಅಕ್ಕಿಹಿಟ್ಟು ಸುಣ್ಣ ಕಲಸಿದ ಚುಟ್ಟಿಯನ್ನು ಮುಖದ ಮೇಲೆ ಮುಳ್ಳುಮುಳ್ಳಾಗಿ ಎಬ್ಬಿಸುತ್ತ, ನಡುವೆ ಕೆಂಪು ಕಪ್ಪು ತುಂಬುತ್ತ, ತನ್ನ ಮುಖವನ್ನು ತಾನೇ ಗಂಟೆಗಟ್ಟಲೆ ಅಳಿಸಿ ಬರೆಯುತ್ತಾನೆ. ಆಮೇಲೆ ಮಹಿಷಾಸುರ ರಂಗಸ್ಥಳದ ಹಿಂದಿನಿಂದ ಬರುವುದಿಲ್ಲ. ಪ್ರೇಕ್ಷಕರ ಬೆನ್ನಿನ ಕಡೆಯಿಂದ, ದೊಂದಿಯ ಬೆಂಕಿಯೊಡನೆ, ಕೊಂಬು ಕುಣಿಸುತ್ತ, ಆರ್ಭಟಿಸುತ್ತ, ಚಾಪೆ ಮೇಲೆ ಮಲಗಿದ ಮಕ್ಕಳ ನಡುವಿನಿಂದ ಹಾದು ಬರುತ್ತಾನೆ. ಮಕ್ಕಳು ಕಿಟಾರನೆ ಕಿರುಚಿ ಅಜ್ಜಿಯ ಸೆರಗಿನೊಳಗೆ ಹೊಕ್ಕು, ಅಲ್ಲಿಂದಲೇ ಒಂದು ಕಣ್ಣಲ್ಲಿ ನೋಡುತ್ತವೆ. 7+ ಇಲ್ಲ, 13+ ಇಲ್ಲ. ಅಜ್ಜಿಯ ಮಾರ್ಗದರ್ಶನ ಉಂಟು, ಅದೂ ನಿದ್ದೆಗಣ್ಣಿನಲ್ಲಿ. ಇದೇ ಪ್ರಸಂಗದಲ್ಲಿ ರಕ್ತಬೀಜನೂ ಬರುತ್ತಾನೆ, ಒಂದೊಂದು ತೊಟ್ಟು ನೆಲಕ್ಕೆ ಬಿದ್ದಾಗ ಒಬ್ಬೊಬ್ಬ ರಾಕ್ಷಸ ಹುಟ್ಟುವ ಕತೆ. ‘ರಕ್ತ ಶೇಕಡ 50 ಕಡಿಮೆ ಮಾಡಿ’ ಅಂತ ಭಾಗವತರಿಗೆ ಚೀಟಿ ಕಳಿಸಿದರೆ ಯುದ್ಧ ಅರ್ಧ ಗಂಟೆ ಮೊದಲೇ ಮುಗಿದೀತು, ದೇವಿಗೂ ಸ್ವಲ್ಪ ಅನುಕೂಲ.

ಗೋಡೆಯ ಕ್ಯಾಲೆಂಡರಿನ ನರಸಿಂಹನನ್ನಂತೂ ಕೇಳಲೇಬೇಡಿ. ತೊಡೆ ಮೇಲೆ ಹಿರಣ್ಯಕಶಿಪು, ಕೈಯಲ್ಲಿ ಕರುಳು, ಪಕ್ಕದಲ್ಲಿ ಕೈಮುಗಿದು ನಿಂತ ಪುಟ್ಟ ಪ್ರಹ್ಲಾದ. ಆ ಚಿತ್ರದ ಏಕೈಕ ಪ್ರೇಕ್ಷಕನೇ ಏಳರೊಳಗಿನ ಮಗು! ಅದರ ಕೆಳಗೆ ಕೂತು ನಾವೆಲ್ಲ ಮಗ್ಗಿ ಬಾಯಿಪಾಠ ಮಾಡಿದ್ದು. ಮಗ್ಗಿಯೇ ಹೆಚ್ಚು ಹೆದರಿಸಿದ್ದು ಅಂತ ನನ್ನ ನೆನಪು.

ಸೆಟ್ಟಿನಲ್ಲೂ ಒಂದು ದಿನ ಕೆಂಪಿಗೆ ಪೂರ್ತಿ ಸ್ವಾತಂತ್ರ್ಯ. ಶೂಟಿಂಗ್ ಮುಗಿದ ದಿನ ನಮ್ಮ ಚಿತ್ರರಂಗದವರು ಕುಂಬಳಕಾಯಿ ಒಡೆಯುತ್ತಾರೆ. ತೂತು ಕೊರೆದು ಕುಂಕುಮ ತುಂಬಿ, ಕರ್ಪೂರ ಹಚ್ಚಿ, ಕ್ಯಾಮೆರಾಕ್ಕೆ ನಿವಾಳಿಸಿ ನೆಲಕ್ಕೆ ಅಪ್ಪಳಿಸಿದರೆ, ಇಡೀ ಚಿತ್ರದಲ್ಲಿ ಎಲ್ಲೂ ಬಿಡದೆ ಉಳಿಸಿಕೊಂಡ ಕೆಂಪೆಲ್ಲ ರಸ್ತೆ ಮೇಲೆ ಹರಡುತ್ತದೆ. ನಿರ್ಮಾಪಕರ ಮೊಮ್ಮಗ ಅದರ ಮೇಲೆ ಓಡಾಡಿ ಕಾಲು ಕೆಂಪು ಮಾಡಿಕೊಳ್ಳುತ್ತಾನೆ. ಮೇಕಪ್‌ಮ್ಯಾನ್ ಪಕ್ಕದಲ್ಲಿ ನಿಂತು ಆ ಬಣ್ಣವನ್ನೇ ನೋಡುತ್ತಿರುತ್ತಾನೆ. ಅವನ ಡಬ್ಬಿಯದ್ದಕ್ಕಿಂತ ಚೆನ್ನಾಗಿ ಬಂದಿರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ, ವಯಸ್ಸಿನ ಸರ್ಟಿಫಿಕೇಟಿನಿಂದ ಪ್ರಸಾಧನ ಕಲೆಗೆ ಲಾಭವೇ ಆಗಿಲ್ಲ ಅಂದರೆ ಅನ್ಯಾಯ. ಆ ಕಲೆ ಹಿಂದೆ ತುಂಬಾ ಬೆಳೆದದ್ದು ತೆರೆಯ ಈಚೆ, ಟಿಕೆಟ್ ಕ್ಯೂನಲ್ಲಿ. ‘ಎ’ ಚಿತ್ರಕ್ಕೆ ಮ್ಯಾಟಿನಿ ನುಗ್ಗಲು ಹತ್ತನೇ ಕ್ಲಾಸಿನ ಹುಡುಗರು ಅಕ್ಕನ ಕಾಡಿಗೆ ಪೆನ್ಸಿಲಿನಿಂದ ಮೀಸೆ ತೀಡಿಕೊಂಡು, ಅಪ್ಪನ ಪ್ಯಾಂಟು ಮಡಚಿ ಉಟ್ಟು, ಅಣ್ಣನ ಕೂಲಿಂಗ್ ಗ್ಲಾಸು ಏರಿಸಿ, ಧ್ವನಿ ದಪ್ಪ ಮಾಡಿ ಬಾಲ್ಕನಿ ಕೇಳುತ್ತಿದ್ದರು. ಸಿಲಿಕೋನಿಲ್ಲ, ಲೇಟೆಕ್ಸಿಲ್ಲ, ಬಜೆಟ್ಟಿಲ್ಲ. ಎರಡು ನಿಮಿಷದಲ್ಲಿ ನಾಲ್ಕು ವರ್ಷ. ಈಗ ಮೊಬೈಲಿನಲ್ಲಿ ‘ನನಗೆ 18 ತುಂಬಿದೆ’ ಅನ್ನುವುದನ್ನು ಒತ್ತಿದರೆ ಮುಗಿಯಿತು, ಆ ವಿದ್ಯೆ ಹಾಳಾಯಿತು. ಹಳೆಯ ಥಿಯೇಟರುಗಳ ಗೇಟ್‌ಕೀಪರುಗಳಿಗೆ ಅದರ ಬೆಲೆ ಗೊತ್ತಿತ್ತು. ಮೆಜೆಸ್ಟಿಕ್ಕಿನ ಒಬ್ಬ ಹಿರಿಯರು ಟಿಕೆಟ್ ಹರಿದು ಅರ್ಧ ಕೈಗಿಟ್ಟು, ಹುಡುಗನ ಮುಖವನ್ನು ಟಾರ್ಚಿನಲ್ಲಿ ಒಮ್ಮೆ ನೋಡಿ ಹೇಳಿದರಂತೆ: "ಬಲಗಡೆ ಮೀಸೆ ಬೆವರಿಗೆ ಇಳೀತಾ ಐತೆ. ಇಂಟರ್‌ವಲ್ನಾಗೆ ಸರಿ ಮಾಡ್ಕೊ ಮರಿ, ಕಂಟಿನ್ಯುಟಿ ಹೋಯ್ತದೆ."